ಬಾಯಲ್ಲಿ ಅಗ್ರ ಆಗಿದ್ದಕ್ಕೇ ಮಗನ ಹಲ್ಲು ಹುಳುಕಾಯ್ತಾ?

ಸಿಂಧನೂರು ಅಮ್ಮ:
ಮಗನಿಗೆ ಎರಡೂವರೆ ವರ್ಷ. ಬೇಸಿಗೆಯಲ್ಲಿ ಕಫ, ಉಬ್ಬಸ ಅಂತ ಆ್ಯಂಟಿಬಯೋಟಿಕ್ ಕೊಟ್ಟರು, ಆಮೇಲೆ ಸ್ಟೀರಾಯ್ಡ್ ಇನ್ಹೇಲರ್. (ನಮ್ಮ ಮನೆ ರೈಸ್ ಮಿಲ್ ಹಿಂದೆ. ಧೂಳಿನ ಬಗ್ಗೆ ಕೇಳಲೇಬೇಡಿ.) ಸ್ವಲ್ಪ ದಿನಕ್ಕೆ ಕೆನ್ನೆ ಒಳಗೆ, ನಾಲಿಗೆ ಮೇಲೆ ಹಾಲು ಒಡೆದ ಹಾಗೆ ಬೆಳ್ಳಗಾಯಿತು. ಬಟ್ಟೆಯಿಂದ ಒರೆಸಿದರೆ ಹೋಗಲಿಲ್ಲ, ಕೆಂಪಾಗಿ ರಕ್ತ ಜಿನುಗಿತು. ಇದು ಅಗ್ರ, ಫಂಗಸ್ಸಿಂದ ಬರೋದು ಅಂದರು, ಹಚ್ಚೋ ಔಷಧಿ ಕೊಟ್ಟರು, ವಾಸಿಯಾಯಿತು. ಈಗ ಮೇಲಿನ ಮುಂದಿನ ನಾಲ್ಕೂ ಹಲ್ಲು ಒಸಡಿನ ಹತ್ತಿರ ಕಂದಾಗಿವೆ. ಒಂದರ ತುದಿ ಪುಡಿಯಾಗಿ ಉದುರಿದೆ. ಕೆಳಗಿನವಕ್ಕೆ ಏನೂ ಆಗಿಲ್ಲ. ಅಗ್ರದ ಔಷಧಿನೇ ಹಲ್ಲು ತಿಂತು ಅಂತಾರೆ ಅತ್ತೆ. ಬೋರ್ ನೀರಿನ ಫ್ಲೋರೈಡ್ ಅಂತಾರೆ ನಮ್ಮವರು, ಅದಕ್ಕೇ ಪೇಸ್ಟ್ ಕೂಡ ಮುಟ್ಟಿಸಿಲ್ಲ. ರಾತ್ರಿ ಸಕ್ಕರೆ ಹಾಲಿನ ಬಾಟಲಿ ಇಲ್ಲದೆ ಅವನು ಮಲಗಲ್ಲ. ಹೇಗೂ ಬೀಳೋ ಹಲ್ಲು ಅಲ್ವಾ, ಹಾಗೇ ಬಿಟ್ಟರೆ ಆಗುತ್ತಾ?

ಬಳ್ಳಾರಿ ದಂತವೈದ್ಯೆ:
ಔಷಧಿನೂ ಅಲ್ಲ, ನೀರೂ ಅಲ್ಲ. ಆ ಬಾಟಲಿ. ನಿದ್ದೆಯಲ್ಲಿ ಜೊಲ್ಲು ಕಮ್ಮಿಯಾಗುತ್ತೆ, ಸಕ್ಕರೆ ಹಾಲು ಮೇಲಿನ ಹಲ್ಲಿನ ಸುತ್ತ ನಿಂತುಬಿಡುತ್ತೆ. ಕೆಳಗಿನವನ್ನ ನಾಲಿಗೆ ಮುಚ್ಚಿಕೊಂಡಿರುತ್ತೆ, ಅದಕ್ಕೇ ಚೆನ್ನಾಗಿವೆ.

ಫಂಗಸ್ಸಿನದು ಏನೂ ತಪ್ಪಿಲ್ಲ ಅಂತಲೂ ಹೇಳಲ್ಲ. ಅದರ ಹೆಸರು ಕ್ಯಾಂಡಿಡಾ. ಹುಳುಕು ಮಾಡೋ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾ ಸಕ್ಕರೆಯಿಂದ ಅಂಟು ತಯಾರಿಸುತ್ತೆ. ಅಂಟು ಮಾಡೋ ಆ ಕಿಣ್ವ ಕ್ಯಾಂಡಿಡಾ ಮೈಗೂ ಹತ್ತಿಕೊಳ್ಳುತ್ತೆ. ಎರಡೂ ಸೇರಿದರೆ ಹಲ್ಲಿನ ಮೇಲಿನ ಪಾಚಿ ದಪ್ಪ, ಆಮ್ಲವೂ ಜಾಸ್ತಿ. ಚಿಕ್ಕ ಮಕ್ಕಳ ಜೋರು ಹುಳುಕಲ್ಲಿ ಇವೆರಡೂ ಒಟ್ಟಿಗೆ ಸಿಗೋದು ಸಾಮಾನ್ಯ. ಸಕ್ಕರೆ ನಿಲ್ಲಿಸದೆ ಸುಮ್ನೆ ಫಂಗಸ್ ಔಷಧಿ ಹಚ್ಚಿದರೆ ಹಲ್ಲು ಉಳಿಯಲ್ಲ.

ನಿಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಇರೋದು ನಿಜ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಕುದಿಸಿದರೆ ಹೋಗೋದೂ ಇಲ್ಲ. ಆದರೆ ಅದರ ಕಲೆ ಹೆಚ್ಚಾಗಿ ಆರೇಳು ವರ್ಷಕ್ಕೆ ಬರೋ ಹಲ್ಲಲ್ಲಿ, ಎಡ ಬಲ ಒಂದೇ ತರ ಕಾಣುತ್ತೆ. ಕುಡಿಯೋ ನೀರು ಬದಲಿಸಿ, ಪೇಸ್ಟ್ ಶುರು ಮಾಡಿ: 1000 ಪಿಪಿಎಂ ಫ್ಲೋರೈಡ್ ಇರೋದು, ಒಂದು ಅಕ್ಕಿ ಕಾಳಿನಷ್ಟು. ಅದೂ ನಿಮ್ಮೂರ ಸೋನಾ ಮಸೂರಿ ಕಾಳು! ದಿನಕ್ಕೆ ಎರಡು ಸಲ ನೀವೇ ಉಜ್ಜಿ. ಇನ್ಹೇಲರ್ ನಿಲ್ಲಿಸಬೇಡಿ. ಅಗ್ರ ಮತ್ತೆ ಬರದ ಹಾಗೆ ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸೋ ಕೊಳವೆ) ಹಾಕಿ ಕೊಡಿ, ಆದ ಮೇಲೆ ನೀರು ಕುಡಿಸಿ, ಬಾಯಿ ಒರೆಸಿ.

ಬೀಳೋ ಹಲ್ಲು ಅಂತ ಬಿಡಬೇಡಿ. ಮುಂದಿನದು ಹುಳುಕಾದರೆ ಹಿಂದಿನ ದವಡೆಗೂ ಹಬ್ಬುತ್ತೆ. ಆ ದವಡೆ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಬೇಕು.

ಗಂಗಾವತಿ ಅಜ್ಜಿ:
ನಮ್ಮ ಮೊಮ್ಮಗಳಿಗೂ ಹೀಗೇ ಆಗಿತ್ತು. ಬಾಟಲಿ ಒಮ್ಮೆಲೇ ಕಿತ್ತುಕೊಳ್ಳಲಿಲ್ಲ. ಮೊದಲು ಸಕ್ಕರೆ ಬಿಟ್ಟೆವು, ಆಮೇಲೆ ಹಾಲಿಗೆ ದಿನಾ ಒಂಚೂರು ನೀರು ಜಾಸ್ತಿ ಮಾಡ್ತಾ ಬಂದೆವು. ಬರೀ ನೀರಾದ ಮೇಲೆ ಅವಳೇ ಬಿಸಾಡಿದಳು. ಹಲ್ಲಿಗೆ ಒಂದು ಬೆಳ್ಳಿ ಔಷಧಿ ಹಚ್ಚಿದರು, ಕೊರೆಯೋದು ಗಿರೆಯೋದು ಇಲ್ಲ. ಹುಳುಕಿದ ಜಾಗ ಮಾತ್ರ ಕಪ್ಪಾಯಿತು. ಮದುವೆ ಮನೆಯಲ್ಲಿ ಎಲ್ಲರೂ ಕೇಳೋರೇ! ಅಗ್ರಕ್ಕೆ ನಮ್ಮ ಕಾಲದಲ್ಲಿ ಬಿಳಿಗಾರ ಜೇನಲ್ಲಿ ಕಲಸಿ ಹಚ್ಚೋರು.

ಬಳ್ಳಾರಿ ದಂತವೈದ್ಯೆ:
ಅಜ್ಜಿ, ಬಾಟಲಿ ಉಪಾಯ ಚೆನ್ನಾಗಿದೆ. ಬಿಳಿಗಾರ ಮಾತ್ರ ಬೇಡವೇ ಬೇಡ, ಮಕ್ಕಳಿಗೆ ವಿಷ. ಒಂದು ವರ್ಷದೊಳಗೆ ಜೇನೂ ಕೊಡಬಾರದು. ಬೆಳ್ಳಿ ಔಷಧಿ ಅಂದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್. ಹುಳುಕು ಮುಂದುವರಿಯದಂತೆ ತಡೆಯುತ್ತೆ, ಹೋದ ಹಲ್ಲು ಮತ್ತೆ ಬರಲ್ಲ.

ಸಿಂಧನೂರು ಅಮ್ಮ:
ಕಪ್ಪಾದರೂ ಪರವಾಗಿಲ್ಲ, ನೋವು ಬರದಿದ್ದರೆ ಸಾಕು. ಬಳ್ಳಾರಿಗೇ ಬರಬೇಕಾ?

ಬಳ್ಳಾರಿ ದಂತವೈದ್ಯೆ:
ಬೇಡ, ರಾಯಚೂರಲ್ಲೇ ಡೆಂಟಲ್ ಕಾಲೇಜುಗಳಿವೆ. ಮಕ್ಕಳ ದಂತ ವಿಭಾಗ ಎಲ್ಲಿ ಅಂತ ಕೇಳಿ ಹೋಗಿ. ಇನ್ಹೇಲರ್ ಚೀಟಿ ಜೊತೆಗಿರಲಿ. ಮುಖ ಊದಿಕೊಂಡರೆ, ಜ್ವರ ಬಂದರೆ ಅವತ್ತೇ ತೋರಿಸಿ.