ಸ್ವೀಡನ್ ಅಂದರೆ ಬರೀ ನೀಲಿ, ಡೆನ್ಮಾರ್ಕ್ ಅಂದರೆ ಬರೀ ಕೆಂಪಾ?

ಬೆಂಗಳೂರಿನಿಂದ ಪ್ರಶ್ನೆ:

ನಾನೂ ನನ್ನ ಗೆಳೆಯನೂ ಟೇಬಲ್ ಮೇಲೆ ಆಡುವ ವಾರ್‌ಗೇಮ್‌ಗೆ 28 ಮಿ.ಮೀ. ಬೊಂಬೆಗಳ ಎರಡು ಸೇನೆ ಕಟ್ಟೋಣ ಅಂತಿದ್ದೇವೆ. ಆರಿಸಿಕೊಂಡಿರುವುದು ಗ್ರೇಟ್ ನಾರ್ದರ್ನ್ ವಾರ್, 1700ರಿಂದ 1721ರವರೆಗೆ ನಡೆದ ಯುದ್ಧ. ನನ್ನದು ಹನ್ನೆರಡನೇ ಚಾರ್ಲ್ಸ್‌ನ ಸ್ವೀಡನ್, ಅವನದು ಡೆನ್ಮಾರ್ಕ್. ಮೊದಲ ಆಟವೇ 1709ರ ಪೋಲ್ಟಾವಾ ಕದನ ಆಗಲಿ ಅಂತ ಆಸೆ. ನೆಟ್‌ನಲ್ಲಿ ನೋಡಿದರೆ ಸ್ವೀಡನ್‌ನವರೆಲ್ಲ ನೀಲಿ ಕೋಟು, ಹಳದಿ ಕಫ್. ಡೆನ್ಮಾರ್ಕ್‌ನವರೆಲ್ಲ ಕೆಂಪು. ಇಷ್ಟೇನಾ? ಯಾವುದನ್ನು ನಂಬಬೇಕು, ಎಲ್ಲಿ ಹುಡುಕಬೇಕು? ಅನುಭವ ಇರುವವರು ದಯವಿಟ್ಟು ಹೇಳಿ. ಬಣ್ಣದ ಬಾಟಲಿ ಇನ್ನೂ ಕೊಂಡಿಲ್ಲ.

ಗೋಥೆನ್‌ಬರ್ಗ್‌ನಿಂದ ಉತ್ತರ:

ಬಾಟಲಿ ಕೊಂಡಿಲ್ಲ ಅಂದ್ರಲ್ಲ, ಒಳ್ಳೆಯದಾಯಿತು. ಮೊದಲು ಒಂದು ವಿಷಯ ಸರಿಮಾಡಿಕೊಳ್ಳಿ. ಪೋಲ್ಟಾವಾದಲ್ಲಿ ಡೆನ್ಮಾರ್ಕ್ ಸೇನೆಯೇ ಇರಲಿಲ್ಲ! ಅಲ್ಲಿ ಸ್ವೀಡನ್ನರ ಎದುರಿಗಿದ್ದದ್ದು ಝಾರ್ ಪೀಟರ್‌ನ ರಷ್ಯಾ. ಡೆನ್ಮಾರ್ಕ್ 1700ರಲ್ಲೇ ಟ್ರಾವೆಂಡಾಲ್ ಒಪ್ಪಂದ ಮಾಡಿಕೊಂಡು ಯುದ್ಧದಿಂದ ಹೊರಗೆ ಹೋಗಿತ್ತು. ಪೋಲ್ಟಾವಾದಲ್ಲಿ ಸ್ವೀಡನ್ ಸೋತ ಸುದ್ದಿ ಬಂದ ಮೇಲೆ, 1709ರಲ್ಲಿ, ಮತ್ತೆ ಇಳಿಯಿತು. ಹಾಗಾಗಿ ನಿಮ್ಮಿಬ್ಬರ ಸೇನೆಗಳು ಎದುರುಬದುರಾಗುವ ದೊಡ್ಡ ಭೂಯುದ್ಧ ಬೇಕಿದ್ದರೆ 1710ರ ಹೆಲ್ಸಿಂಗ್‌ಬೋರ್ಗ್ ಇದೆ, 1712ರ ಗಾಡೆಬುಶ್ ಇದೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಯಾವ ವರ್ಷ ಅಂತ ಗೊತ್ತಾಗದೆ ಬಣ್ಣ ಗೊತ್ತಾಗುವುದಿಲ್ಲ. ಡೆನ್ಮಾರ್ಕ್‌ನ ಕಾಲಾಳುಗಳು ಈ ಯುದ್ಧದ ಮೊದಲರ್ಧದಲ್ಲಿ ಹಾಕುತ್ತಿದ್ದದ್ದು ಬೂದು ಕೋಟು. ಕಫ್ ಮತ್ತು ಒಳಬಟ್ಟೆಯ ಬಣ್ಣ ಮಾತ್ರ ರೆಜಿಮೆಂಟಿಗೊಂದು ಥರ. ಕೆಂಪು ಕೋಟು ಎಲ್ಲರಿಗೂ ಬಂದದ್ದು 1711ರ ಹೊತ್ತಿಗೆ. ಬ್ರಿಟಿಷರ ಜೊತೆ ಸೇರಿ ಬ್ಲೆನ್‌ಹೈಮ್‌ನಲ್ಲಿ (1704) ಹೋರಾಡಿದ ಡೆನ್ಮಾರ್ಕ್ ದಂಡೂ ಬೂದು ಬಟ್ಟೆಯದೇ. ಅಂದರೆ ಹೆಲ್ಸಿಂಗ್‌ಬೋರ್ಗ್ ಆಡುವುದಾದರೆ ನಿಮ್ಮ ಗೆಳೆಯ ಹೆಚ್ಚು ಬೂದು ಬಣ್ಣ ಕೊಳ್ಳಲಿ. ಗಾಡೆಬುಶ್ ಆದರೆ ಕೆಂಪು. ಹಳೆ ಕೋಟು ಒಂದೇ ದಿನಕ್ಕೆ ಯಾರೂ ಬಿಸಾಡುವುದಿಲ್ಲ ಅಲ್ವಾ, ಅದಕ್ಕೆ ಒಂದೆರಡು ಕಡೆ ಬೂದು ಉಳಿಸಿಕೊಂಡರೂ ನನಗೇನೂ ತಕರಾರಿಲ್ಲ.

ಈಗ ನಿಮ್ಮ ಸ್ವೀಡನ್. ಪೋಲ್ಟಾವಾದ ಮೇಲೆ, ಕೆಲವೇ ದಿನದಲ್ಲಿ, ಪೆರೆವೊಲೊಚ್ನಾದಲ್ಲಿ ಉಳಿದ ಸೇನೆಯೂ ಶರಣಾಯಿತು. ರಾಜ ತುರ್ಕರ ನೆಲದ ಬೆಂಡೆರ್‌ನಲ್ಲಿ ಕೂತ. ಸ್ವೀಡನ್‌ನಲ್ಲೇ ಇದ್ದ ಸೇನಾಪತಿ ಮಾಗ್ನುಸ್ ಸ್ಟೆನ್‌ಬಾಕ್ ಸಿಕ್ಕಿದವರನ್ನೆಲ್ಲ ಸೇರಿಸಿ, ಹೊಸಬರನ್ನು ಭರ್ತಿ ಮಾಡಿಕೊಂಡು, ಹೆಲ್ಸಿಂಗ್‌ಬೋರ್ಗ್‌ಗೆ ಹೊರಟ. ಆ ಹುಡುಗರಿಗೆ ಪೂರ್ತಿ ಯೂನಿಫಾರ್ಮ್ ಇರಲಿಲ್ಲ. ಮರದ ಮೆಟ್ಟು, ಕುರಿಚರ್ಮದ ಅಂಗಿ ಹಾಕಿಕೊಂಡು ಬಂದರು, ಡೆನ್ಮಾರ್ಕ್‌ನವರು ಅವರನ್ನು ‘ಆಡು ಕಾಯುವ ಹುಡುಗರು’ ಅಂತ ಆಡಿಕೊಂಡರು ಅಂತ ಇಲ್ಲಿ ಇವತ್ತಿಗೂ ಹೇಳುತ್ತಾರೆ. ಕಥೆಯಲ್ಲಿ ಸ್ವಲ್ಪ ಉಪ್ಪುಖಾರ ಇದ್ದೀತು. ಆದರೆ ಬಣ್ಣ ಹಚ್ಚುವವರಿಗೆ ಇದಕ್ಕಿಂತ ಒಳ್ಳೆ ಅವಕಾಶ ಸಿಗಲ್ಲ. ಒಂದೆರಡು ಬೆಟಾಲಿಯನ್ ಅಚ್ಚುಕಟ್ಟಾಗಿ ನೀಲಿ, ಇನ್ನೊಂದು ಬೂದು, ಕಂದು, ಅಲ್ಲೊಂದು ಇಲ್ಲೊಂದು ಕುರಿಚರ್ಮ. ಗೆದ್ದವರು ಇವರೇ ಅನ್ನೋದು ಇನ್ನೂ ಚೆಂದ.

ಮೈಸೂರಿನಿಂದ ಉತ್ತರ:

ಮೇಲಿನವರು ಹೇಳಿದ್ದು ಸರಿ. ನಾನು ನೀಲಿ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಅಲ್ಲೇ.

ಅಂಗಡಿಯಲ್ಲಿ ‘ಪ್ರಷ್ಯನ್ ಬ್ಲೂ’ ಅಂತ ಬಾಟಲಿ ಸಿಗುತ್ತದೆ. ಯುರೋಪಿನ ಹಳೆ ಸೇನೆ ಅಂದ ಕೂಡಲೇ ಜನ ಅದನ್ನೇ ತರುತ್ತಾರೆ. ಆ ಬಣ್ಣ ಬರ್ಲಿನ್‌ನಲ್ಲಿ ಕಂಡುಹಿಡಿದದ್ದೇ 1700ರ ದಶಕದ ಮೊದಲ ವರ್ಷಗಳಲ್ಲಿ. ಸ್ವೀಡನ್ ಸೇನೆಗೆ ನೀಲಿ-ಹಳದಿ ಅದಕ್ಕೂ ಮುಂಚೆ, 1687ರ ಹೊತ್ತಿಗೇ ಬಂದಿತ್ತು. ಸೈನಿಕನ ಉಣ್ಣೆ ಕೋಟು ಕಪ್ಪಿಗೆ ತಿರುಗಿದ ಕಡು ನೀಲಿ ಅಲ್ಲ, ನಡುವಣ ನೀಲಿ. ಬಿಸಿಲಿಗೆ, ಮಳೆಗೆ ಇನ್ನೂ ಮಾಸುತ್ತದೆ. ಅದೂ ಅಲ್ಲದೆ ಸಣ್ಣ ಬೊಂಬೆ ಮೇಲೆ ಯಾವ ಬಣ್ಣವೂ ನಿಜಕ್ಕಿಂತ ಕಪ್ಪಾಗಿ ಕಾಣುತ್ತದೆ. ನನ್ನ ಕ್ರಮ ಹೀಗೆ: ಬೂದು ಪ್ರೈಮರ್ (ಅಡಿ ಬಣ್ಣ), ಮಧ್ಯಮ ನೀಲಿ, ಮಡಿಕೆಗಳಲ್ಲಿ ತೆಳುವಾದ ಕಡುನೀಲಿ ವಾಶ್ (ನೀರಾದ ಬಣ್ಣ), ಭುಜ ಮತ್ತು ಮೊಣಕೈ ಮೇಲೆ ಅದೇ ನೀಲಿಗೆ ಚೂರು ತಿಳಿ ಬೂದು ಬೆರೆಸಿ ಹೈಲೈಟ್. ಬಿಳಿ ಬೆರೆಸಬೇಡಿ, ಆಟಿಕೆ ಥರ ಆಗುತ್ತದೆ. ರೆಜಿಮೆಂಟಿಂದ ರೆಜಿಮೆಂಟಿಗೆ ನೀಲಿಯ ಛಾಯೆ ಒಂಚೂರು ಬದಲಿಸಿ. ಬಟ್ಟೆ ಬೇರೆ ಬೇರೆ ಕಂತಿನಲ್ಲಿ ಬರುತ್ತಿತ್ತು, ಎಲ್ಲ ಒಂದೇ ಬಣ್ಣದ ಪಾತ್ರೆಯಲ್ಲಿ ಅದ್ದಿದ್ದಲ್ಲ.

ನಿಜವಾದ ಬಟ್ಟೆ ನೋಡಬೇಕಾ? ಸ್ಟಾಕ್‌ಹೋಮ್‌ನ ಲಿವ್‌ರುಸ್ಟ್‌ಕಾಮರೆನ್ ಸಂಗ್ರಹಾಲಯದಲ್ಲಿ ಚಾರ್ಲ್ಸ್ ಸಾಯುವಾಗ ಹಾಕಿಕೊಂಡಿದ್ದ ಬಟ್ಟೆಯೇ ಇದೆ. 1718ರಲ್ಲಿ ನಾರ್ವೆಯ ಫ್ರೆಡ್ರಿಕ್‌ಸ್ಟೆನ್ ಕೋಟೆ ಎದುರಿನ ಕಂದಕದಲ್ಲಿ ತಲೆಗೆ ಗುಂಡು ಬಿತ್ತಲ್ಲ, ಆ ಟೋಪಿಯಲ್ಲಿ ಗುಂಡಿನ ತೂತು ಇವತ್ತೂ ಕಾಣುತ್ತದೆ. ಕೋಟು ಸಾದಾ ನೀಲಿ, ಹಿತ್ತಾಳೆ ಗುಂಡಿ, ಜರಿ ಗಿರಿ ಏನೂ ಇಲ್ಲ. ರಾಜನ ಕೋಟು ಅಂತ ಯಾರೂ ಅನ್ನಲ್ಲ. ಸಂಗ್ರಹಾಲಯದವರೇ ತೆಗೆದ ಫೋಟೋಗಳು ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ದೊಡ್ಡದು ಮಾಡಿ ತೋಳಿನ ಹೊಲಿಗೆ ನೋಡಿ.

ಮಂಗಳೂರಿನಿಂದ ಉತ್ತರ:

ಎಲ್ಲರೂ ಕೋಟಿನ ಬಗ್ಗೆಯೇ ಹೇಳಿದಿರಿ ಮಾರಾಯ್ರೇ, ಈಟಿ ಎಲ್ಲಿ? ಬೇರೆ ದೇಶದವರು ಈಟಿ ಬಿಡುತ್ತಿದ್ದ ಕಾಲದಲ್ಲಿ ಸ್ವೀಡನ್ ಇನ್ನೂ ಹಿಡಿದುಕೊಂಡಿತ್ತು. ಕಾಲಾಳುಗಳಲ್ಲಿ ಸುಮಾರು ಮೂರರಲ್ಲಿ ಒಬ್ಬ ಈಟಿಯವನು. ಹತ್ತಿರ ನುಗ್ಗುವುದೇ ಅವರ ವರಸೆ: ನಡೆದು ಹೋಗು, ಮುಖಾಮುಖಿ ಬಂದಾಗ ಕೋವಿ ಹಾರಿಸು, ಕತ್ತಿ ಎಳೆದು ಬೀಳು. ಅದಕ್ಕೇ ಈಟಿಯವನ ಸೊಂಟಕ್ಕೂ ಕೋವಿಯವನ ಸೊಂಟಕ್ಕೂ ಕತ್ತಿ ಬೇಕು. ಪ್ಲಾಸ್ಟಿಕ್ ಈಟಿ ಬಗ್ಗುತ್ತದೆ. ತಂತಿಯದ್ದು ಹಾಕಿ, ತುದಿ ಬೆರಳಿಗೆ ಚುಚ್ಚದಂತೆ ನೋಡಿಕೊಳ್ಳಿ.

ಇನ್ನೊಂದು, ತಲೆ ಮೇಲೆ ಎಲ್ಲರಿಗೂ ಮೂರು ಮೂಲೆ ಟೋಪಿ ಅಂಟಿಸಬೇಡಿ. ಕಾರ್ಪುಸ್ ಅಂತ ಬಟ್ಟೆ ಟೋಪಿ ಇತ್ತು. ಅದರ ಅಂಚನ್ನು ಚಳಿಗೆ ಕಿವಿ ಮೇಲೆ ಇಳಿಸಿಕೊಳ್ಳಬಹುದು. ಅರ್ಧ ಬೆಟಾಲಿಯನ್‌ಗೆ ಅದನ್ನು ಹಾಕಿದರೆ ಸೇನೆ ಕೂಡಲೇ ಸ್ವೀಡನ್ನರದು ಅಂತ ಕಾಣುತ್ತದೆ.

ಬಾವುಟಕ್ಕೆ ಸ್ಟಾಕ್‌ಹೋಮ್‌ನ ಆರ್ಮೆಮ್ಯೂಸಿಯಮ್ ನೋಡಿ. ಗೆದ್ದು ತಂದ ಬಾವುಟಗಳ ಸರ್ಕಾರಿ ಸಂಗ್ರಹ ಅಲ್ಲೇ ಇದೆ, ಡೆನ್ಮಾರ್ಕ್‌ನದಕ್ಕೆ ಉಪಯೋಗ. ಸ್ವೀಡನ್‌ನಲ್ಲಿ ರೆಜಿಮೆಂಟಿನ ಮುಖ್ಯ ಬಾವುಟ ಬಿಳಿ, ಮಿಕ್ಕ ಕಂಪನಿಗಳದ್ದು ಪ್ರಾಂತ್ಯದ ಬಣ್ಣ, ಪ್ರಾಂತ್ಯದ ಲಾಂಛನ. ಈಗಿನ ನೀಲಿ ಮೇಲೆ ಹಳದಿ ಶಿಲುಬೆ ಬಾವುಟವನ್ನು ಕಾಲಾಳು ಕೈಗೆ ಕೊಡಬೇಡಿ, ನೋಡಿದವರು ನಗುತ್ತಾರೆ.

ಬೆಂಗಳೂರಿನಿಂದ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್! ಪೋಲ್ಟಾವಾ ಕೈಬಿಟ್ಟೆವು, ಹೆಲ್ಸಿಂಗ್‌ಬೋರ್ಗ್ ಗಟ್ಟಿ. ಎರಡು ಪ್ರಶ್ನೆ. ಚಾರ್ಲ್ಸ್‌ನ ಹೆಣವನ್ನು ಹಿಮದಲ್ಲಿ ಹೊತ್ತು ತರುವ ದೊಡ್ಡ ವರ್ಣಚಿತ್ರ ಇದೆಯಲ್ಲ, ಅದರಿಂದ ಬಟ್ಟೆ ನಕಲು ಮಾಡಬಹುದಾ? ಯುದ್ಧದ ತಾರೀಖು ಒಂದು ಕಡೆ ಫೆಬ್ರವರಿ 28, ಇನ್ನೊಂದು ಕಡೆ ಮಾರ್ಚ್ 10. ಯಾವುದು ಸರಿ?

ಗೋಥೆನ್‌ಬರ್ಗ್‌ನಿಂದ:

ಆ ಚಿತ್ರ ಗುಸ್ತಾಫ್ ಸೆಡರ್‌ಸ್ಟ್ರಮ್‌ನದು. 1878ರಲ್ಲಿ ಬರೆದ ಮೊದಲನೆಯದು ನಮ್ಮೂರಿನ ಕಲಾ ಸಂಗ್ರಹಾಲಯದಲ್ಲೇ ಇದೆ, ಎರಡನೆಯದು ಸ್ಟಾಕ್‌ಹೋಮ್‌ನಲ್ಲಿ. ಎದುರು ನಿಂತರೆ ಮೈ ಜುಮ್ಮೆನ್ನುತ್ತದೆ. ಆದರೆ ರಾಜ ಸತ್ತು ನೂರೈವತ್ತು ವರ್ಷದ ಮೇಲೆ, ಸ್ಟುಡಿಯೋದಲ್ಲಿ ಕೂತು ಬರೆದದ್ದು. ಹೀಗೆ ಮುಖ ತೆರೆದು ಹೆಗಲ ಮೇಲೆ ಬೆಟ್ಟದಲ್ಲಿ ಹೊತ್ತು ತಂದದ್ದೇ ಕಲ್ಪನೆ. ನಿಂತಿರುವ ಭಂಗಿ ಬೇಕಾದರೆ ತಗೊಳ್ಳಿ, ಬಟ್ಟೆಗೆ ಬೇಡ. ಆ ಕಾಲದವನೇ ಬೇಕು ಅಂದರೆ ಡೇವಿಡ್ ವಾನ್ ಕ್ರಾಫ್ಟ್ ಬರೆದ ಚಾರ್ಲ್ಸ್‌ನ ಭಾವಚಿತ್ರಗಳನ್ನು ನೋಡಿ.

ತಾರೀಖು ಎರಡೂ ಸರಿ. ಡೆನ್ಮಾರ್ಕ್ 1700ರಲ್ಲಿ ಈಗ ನಾವೆಲ್ಲ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್‌ಗೆ ಬಂದಿತ್ತು, ಅವರಿಗೆ ಅದು ಮಾರ್ಚ್ 10. ಸ್ವೀಡನ್ ಮಾತ್ರ 1700ರಿಂದ 1712ರವರೆಗೆ ತನ್ನದೇ ಲೆಕ್ಕ ಇಟ್ಟುಕೊಂಡಿತ್ತು: ಹಳೆ ಜೂಲಿಯನ್‌ಗಿಂತ ಒಂದು ದಿನ ಮುಂದೆ, ಗ್ರೆಗೋರಿಯನ್‌ಗಿಂತ ಹತ್ತು ದಿನ ಹಿಂದೆ. ಪೋಲ್ಟಾವಾ ಅದಕ್ಕೇ ಸ್ವೀಡನ್ನರಿಗೆ ಜೂನ್ 28, ರಷ್ಯನ್ನರಿಗೆ ಜೂನ್ 27, ಈಗಿನ ಪುಸ್ತಕಗಳಲ್ಲಿ ಜುಲೈ 8. ಕೊನೆಗೆ 1712ರಲ್ಲಿ ಫೆಬ್ರವರಿ 30 ಅಂತ ಒಂದು ದಿನ ಸೇರಿಸಿ ಜೂಲಿಯನ್‌ಗೆ ವಾಪಸ್ ಹೋದರು. ತಮಾಷೆ ಅಲ್ಲ, ನಿಜ! ಸ್ಟಾಕ್‌ಹೋಮ್‌ನ ಸೇನಾ ದಾಖಲೆ ಕಚೇರಿ ಕ್ರಿಗ್ಸ್‌ಆರ್ಕಿವೆಟ್‌ನ ಹಾಜರಿ ಪಟ್ಟಿಗಳನ್ನು ಆನ್‌ಲೈನ್‌ನಲ್ಲಿ ತೆರೆದರೆ ಇದು ಗೊತ್ತಿರಲೇಬೇಕು. ಇಲ್ಲದಿದ್ದರೆ ಬಟ್ಟೆ ಬಂದದ್ದು ಯುದ್ಧಕ್ಕೆ ಮುಂಚೆಯೋ ಆಮೇಲೋ ಅಂತ ತಲೆ ಕೆಡುತ್ತದೆ.

ಒಂದು ಮರೆತಿದ್ದೆ. ಸ್ವೀಡನ್‌ನ ಎಲ್ಲ ಕಫ್‌ಗಳೂ ಹಳದಿ ಅಲ್ಲ. ಯೋನ್‌ಶೋಪಿಂಗ್ ರೆಜಿಮೆಂಟಿನದು ಕೆಂಪು. ಬಣ್ಣ ಬದಲಾಯಿಸಿ ನೋಡಬೇಕು ಅನ್ನಿಸಿದಾಗ ಅದನ್ನು ಹಚ್ಚಿ.

ಚೆನ್ನೈನಿಂದ:

ಸುಮ್ನೆ ಒಂದು ಮಾತು. ನಿಮ್ಮ ಗೆಳೆಯನ ಸೇನೆಯ ರಾಜ ನಾಲ್ಕನೇ ಫ್ರೆಡ್ರಿಕ್. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದ ಪಾದ್ರಿ ಝೀಗೆನ್‌ಬಾಲ್ಗ್‌ನನ್ನು ಕಳಿಸಿದ ರಾಜನೂ ಅವನೇ. ಅಲ್ಲಿ ಡೆನ್ಮಾರ್ಕ್‌ನವರ ಡಾನ್ಸ್‌ಬೋರ್ಗ್ ಕೋಟೆ ಸಮುದ್ರದ ದಡದಲ್ಲಿ ಇನ್ನೂ ನಿಂತಿದೆ. ಬಣ್ಣ ಒಣಗುವವರೆಗೆ ಇಬ್ಬರೂ ಒಂದು ಸಲ ಬಂದು ಹೋಗಿ.

ಬೆಂಗಳೂರಿನಿಂದ:

ಬರುತ್ತೇವೆ ಸರ್. ಕೊನೆ ಪ್ರಶ್ನೆ, ಒಂದು ಬೆಟಾಲಿಯನ್‌ಗೆ ಎಷ್ಟು ಬೊಂಬೆ ಇಡಲಿ?

ಮಂಗಳೂರಿನಿಂದ:

ಕಾಗದದ ಮೇಲೆ ಬೆಟಾಲಿಯನ್ ಅಂದರೆ 600 ಜನ, 150ರ ನಾಲ್ಕು ಕಂಪನಿ. 24 ಬೊಂಬೆ ಇಡಿ, ಒಂದು ಬೊಂಬೆಗೆ 25 ಜನದ ಲೆಕ್ಕ. ಅದರಲ್ಲಿ 8 ಈಟಿ, ಮಿಕ್ಕಿದ್ದು ಕೋವಿ. ಈಟಿಯವರು ನಡುವೆ, ಕೋವಿಯವರು ಎರಡೂ ಪಕ್ಕ. ಡೆನ್ಮಾರ್ಕ್‌ನದಕ್ಕೂ 24ನ್ನೇ ಇಟ್ಟರೆ ನಿಯಮ ಪುಸ್ತಕದ ಜೊತೆ ಜಗಳ ಕಡಿಮೆ.