ದಪ್ಪ ಆಗೋದು ಬರೀ ಬಾಯಿ ಚಪಲವಾ? ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಬೊಜ್ಜಿನ ಬಗ್ಗೆ ಇವತ್ತು ಡಾಕ್ಟರ್ ಮೇಡಂ ಉತ್ತರ ಕೊಡ್ತಾರೆ. ಫಾರ್ವರ್ಡ್ ಹಾಕಬೇಡಿ.

ಮುಳಬಾಗಿಲು: ಮೇಡಂ, ಮುದ್ದೆ ಬಿಟ್ಟು ಚಪಾತಿ ತಿಂದರೆ ತೂಕ ಇಳಿಯುತ್ತಾ?

ಡಾಕ್ಟರ್: ಇಲ್ಲ. ರಾಗಿ ಹಿಟ್ಟಾಗಲಿ, ಗೋಧಿ ಹಿಟ್ಟಾಗಲಿ, 100 ಗ್ರಾಂಗೆ ಸುಮಾರು 320 ಕ್ಯಾಲೊರಿ. ಎರಡು ಮುದ್ದೆ ಒಂದಾಗಲಿ, ಬಸ್ಸಾರಿನ ಸೊಪ್ಪು-ಕಾಳು ಜಾಸ್ತಿ ಆಗಲಿ.

ಮಾಲೂರು: ನಮ್ಮಮ್ಮಂಗೆ 54. ಮಂಡಿನೋವಿಗೆ ಯಾರೋ ಕೊಟ್ಟ ನಾಟಿ ಪುಡಿ ಒಂದು ವರ್ಷದಿಂದ ತಗೊಳ್ತಿದ್ದಾರೆ. ಎರಡೇ ದಿನಕ್ಕೆ ನೋವು ಹೋಗಿತ್ತು. ಈಗ 11 ಕೆಜಿ ಏರಿದೆ. ಮುಖ ಊದಿದೆ, ಕೈಕಾಲು ಮಾತ್ರ ಸಣ್ಣ. ಊಟ ಕಮ್ಮಿ ಮಾಡಿಸಬೇಕಾ?

ಡಾಕ್ಟರ್: ಊಟದ ಮಾತು ಆಮೇಲೆ. ಆ ಪುಡೀಲಿ ಸ್ಟೀರಾಯ್ಡ್ (ನೋವು ಬೇಗ ಇಳಿಸೋ, ಆದರೆ ತುಂಬಾ ದಿನ ತಗೊಂಡರೆ ಮುಖ-ಹೊಟ್ಟೆ ಊದಿಸೋ ಔಷಧಿ) ಬೆರೆಸಿದ್ದಾರೆ ಅನ್ನೋ ಅನುಮಾನ ನನಗೆ ಬಲವಾಗಿದೆ. ಹೊಟ್ಟೆ ಮೇಲೆ ಅಗಲವಾದ ನೇರಳೆ ಗೆರೆ ಇದೆಯಾ? ಸ್ವಲ್ಪ ತಗುಲಿದರೂ ಚರ್ಮ ನೀಲಿಗಟ್ಟುತ್ತಾ? ಕೈ ಊರದೆ ಏಳೋಕೆ ಕಷ್ಟ ಪಡ್ತಾರಾ? ನೋಡಿ ಹೇಳಿ. ಆದರೆ ಪುಡೀನ ದಿಢೀರಂತ ನಿಲ್ಲಿಸಬೇಡಿ. ಹೊರಗಿಂದ ಸ್ಟೀರಾಯ್ಡ್ ಬರ್ತಾ ಇದ್ದರೆ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿ ತಾನು ಕಾರ್ಟಿಸಾಲ್ (ಮೈಯದೇ ಸ್ಟೀರಾಯ್ಡ್) ಮಾಡೋದನ್ನೇ ಬಿಟ್ಟಿರುತ್ತೆ. ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಬರುತ್ತೆ. ಪೊಟ್ಟಣ ಸಮೇತ ಜಿಲ್ಲಾಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಕರ್ಕೊಂಡು ಹೋಗಿ. ಬಿಪಿ, ಶುಗರ್, ಪೊಟ್ಯಾಷಿಯಂ, ಬೆಳಿಗ್ಗೆ 8ರ ಹೊತ್ತಿನ ಕಾರ್ಟಿಸಾಲ್ ಪರೀಕ್ಷೆ ಬೇಕು. ಆಮೇಲೆ ಅಳತೆ ಗೊತ್ತಿರೋ ಮಾತ್ರೆ ಕೊಟ್ಟು ಹಂತಹಂತವಾಗಿ ಇಳಿಸ್ತಾರೆ. ವಾಂತಿ, ತಲೆಸುತ್ತು, ವಿಪರೀತ ಸುಸ್ತು ಬಂದರೆ 108ಕ್ಕೆ ಫೋನ್ ಮಾಡಿ, "ಸ್ಟೀರಾಯ್ಡ್ ಇರಬಹುದು" ಅಂತ ಮೊದಲೇ ಹೇಳಿ.

ಬಂಗಾರಪೇಟೆ: *ಬಂದದ್ದು ಹಾಗೇ ಕಳಿಸಿದ್ದೇನೆ* ಬಿಸಿನೀರು, ನಿಂಬೆ, ಜೇನು! 15 ದಿನಕ್ಕೆ 8 ಕೆಜಿ!!

ಡಾಕ್ಟರ್: ಅಡ್ಮಿನ್, ಅಳಿಸಿ. ನಿಂಬೆ ಕೊಬ್ಬು ಕರಗಿಸಲ್ಲ. ಒಂದು ದೊಡ್ಡ ಚಮಚ ಜೇನಲ್ಲೇ 60 ಕ್ಯಾಲೊರಿ ಇದೆ.

ಶ್ರೀನಿವಾಸಪುರ: ಎಲ್ಲಾ ಬಾಯಿ ಚಪಲ. ನಮ್ಮ ಕಾಲದಲ್ಲಿ ಎಲ್ಲಿತ್ತು ಈ ಬೊಜ್ಜು?

ವೇಮಗಲ್: ಸರ್, ಇಲ್ಲಿ ಫ್ಯಾಕ್ಟ್ರಿ ಹುಡುಗೀರಿಗೆ ಒಂದು ವಾರ ಹಗಲು, ಒಂದು ವಾರ ರಾತ್ರಿ ಪಾಳಿ. ನಿಂತಲ್ಲೇ ಎಂಟು ಗಂಟೆ, ರಾತ್ರಿ ಎರಡಕ್ಕೆ ಟೀ-ಬನ್ನು. ವಾಕಿಂಗ್ ಎಲ್ಲಿ ಮಾಡಬೇಕು, ಹೈವೇ ಮೇಲಾ?

ಶ್ರೀನಿವಾಸಪುರ: ಮನಸ್ಸಿದ್ದರೆ ಮಾರ್ಗ.

ವೇಮಗಲ್: ಒಂದು ವಾರ ಬಂದು ನೀವೇ ನಿಲ್ಲಿ.

ಡಾಕ್ಟರ್: ಚಪಲ ಅನ್ನೋ ಮಾತು ಬಿಡಿ ಸರ್. ನಿದ್ದೆಗೆಟ್ಟರೆ ಹಸಿವು ಕೆರಳಿಸೋ ಗ್ರೆಲಿನ್ ಹಾರ್ಮೋನು ಏರುತ್ತೆ, ಸಾಕು ಅನ್ನಿಸೋ ಲೆಪ್ಟಿನ್ ಹಾರ್ಮೋನು ಇಳಿಯುತ್ತೆ. ರಾತ್ರಿ ಪಾಳಿಯವರು ಊಟ ಮುಗಿಸಿಕೊಂಡೇ ಹೊರಡಿ. ನಡುರಾತ್ರಿ ಬನ್ನಿನ ಬದಲು ಬೇಯಿಸಿದ ಮೊಟ್ಟೆ, ಇಲ್ಲ ಒಂದು ಹಿಡಿ ಹುರಿಗಡಲೆ. ಎರಡೆರಡು ಚಮಚ ಸಕ್ಕರೆ ಹಾಕಿ ಐದು ಟೀ ಕುಡಿದರೆ 40 ಗ್ರಾಂ ದಾಟುತ್ತೆ. ದಿನಕ್ಕೆ 25ರೊಳಗೆ ಇದ್ದರೆ ಒಳ್ಳೇದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಕ್ಯಾಂಟೀನಲ್ಲಿ ಸಕ್ಕರೆ ಬೇರೆ ಇಡಿ ಅಂತ ಎಲ್ಲರೂ ಸೇರಿ ಕೇಳಿ.

ಶ್ರೀನಿವಾಸಪುರ: ಎಲ್ಲಕ್ಕೂ ಹಾರ್ಮೋನು ಒಂದು ನೆಪ.

ಚಿಂತಾಮಣಿ: ಮಗನಿಗೆ 11, ದಪ್ಪ ಇದ್ದಾನೆ. ಕತ್ತಿನ ಹಿಂದೆ ಕಪ್ಪು, ಎಷ್ಟು ತಿಕ್ಕಿದರೂ ಹೋಗ್ತಿಲ್ಲ.

ಡಾಕ್ಟರ್: ತಿಕ್ಕಬೇಡಿ, ಅದು ಕೊಳೆ ಅಲ್ಲ. ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸ್ತಿಲ್ಲ ಅನ್ನೋ ಗುರುತು ಇರಬಹುದು. ಮಕ್ಕಳ ಡಾಕ್ಟರಿಗೆ ತೋರಿಸಿ ಶುಗರ್ ನೋಡಿಸಿ.

ಬಂಗಾರಪೇಟೆ: ಜೇನು ಬಿಟ್ಟು ಬರೀ ನಿಂಬೆ ಆದರೆ?

ಡಾಕ್ಟರ್: ಮೇಲೆ ಹೇಳಿದ್ದೀನಿ.

ಕೆಜಿಎಫ್: ತೂಕ ಇಳಿಸೋ ಇಂಜೆಕ್ಷನ್ ಬಗ್ಗೆ ಹೇಳಿ ಮೇಡಂ.

ಬಂಗಾರಪೇಟೆ: ಜೀರಿಗೆ ನೀರು?

ಮಾಲೂರು: ಮೇಡಂ, ನೋಡಿದೆ. ಗೆರೆ ಇದೆ. ನೇರಳೇನೇ.

ಡಾಕ್ಟರ್: ನಾಳೆ ಅಂತ ಕಾಯಬೇಡಿ, ಇವತ್ತೇ ಹೊರಡಿ. ಪೊಟ್ಟಣ ಮರೀಬೇಡಿ.