ಮಗಳಿಗೆ ಇ-ರೀಡರ್: ಪುಕ್ಕಟೆ ಕನ್ನಡ ಪುಸ್ತಕ ಹಾಕೋಕೆ ಯಾವುದು ಸಲೀಸು?

ಕಾಫಿಸೀಮೆ (ಮೂಡಿಗೆರೆ):
ನಾಲ್ಕನೇ ಕ್ಲಾಸಿನ ಮಗಳಿಗೆ ಇ-ರೀಡರ್ (ಪುಸ್ತಕ ಓದೋಕೇ ಅಂತ ಇರೋ ಪರದೆಯ ಯಂತ್ರ) ತಗೋಬೇಕು ಅಂತಿದೀವಿ. ಕನ್ನಡ, ಇಂಗ್ಲಿಷ್ ಎರಡೂ ಓದ್ತಾಳೆ. ಮನೇಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ, ಮಳೆಗಾಲದಲ್ಲಂತೂ ಕೇಳೋದೇ ಬೇಡ. ದುಡ್ಡು ಕೊಡದೆ, ಕದ್ದ ಪಿಡಿಎಫ್ ಅಲ್ಲದೆ, ಪುಸ್ತಕ ಹಾಕ್ಕೊಡೋದು ಹೇಗೆ? ಅಮೆಜಾನ್‌ನ ಕಿಂಡಲ್ ಸಾಕಾ?

ಹೇಮಾವತಿ_ದಡ (ಹಾಸನ):
ಇಂಗ್ಲಿಷಿಗೆ ಧಾರಾಳವಾಗಿ ಸಾಕು. ಪ್ರಾಜೆಕ್ಟ್ ಗುಟೆನ್‌ಬರ್ಗ್, ಸ್ಟ್ಯಾಂಡರ್ಡ್ ಇಬುಕ್ಸ್ ಅನ್ನೋ ಎರಡು ಪುಕ್ಕಟೆ ಪುಸ್ತಕದ ವೆಬ್‌ಸೈಟ್‌ಗಳಲ್ಲೂ ಹಕ್ಕುಸ್ವಾಮ್ಯ ಮುಗಿದ ಮಕ್ಕಳ ಪುಸ್ತಕ ಬೇಕಾದಷ್ಟಿವೆ. ಪೇಟೆಗೆ ಬಂದಾಗ ಲ್ಯಾಪ್‌ಟಾಪಿಗೆ ಇಳಿಸ್ಕೊಳ್ಳಿ, ಮನೇಲಿ ಕೇಬಲ್ ಹಾಕಿ ತುಂಬಿ. ಒಂದು ವಿಷಯ ನೆನಪಿರಲಿ: ಇಪಬ್ (ಇ-ಪುಸ್ತಕದ ಸಾಮಾನ್ಯ ನಮೂನೆ) ಫೈಲನ್ನ ಕೇಬಲ್‌ನಲ್ಲಿ ಹಾಗೇ ಕಾಪಿ ಮಾಡಿದ್ರೆ ಕಿಂಡಲ್ ತೋರಿಸೋದೇ ಇಲ್ಲ. ಕ್ಯಾಲಿಬರ್ ಅನ್ನೋ ಪುಕ್ಕಟೆ ತಂತ್ರಾಂಶದಲ್ಲಿ ಅದನ್ನ ಕಿಂಡಲ್ ನಮೂನೆಯಾದ ಎಝಡ್‌ಡಬ್ಲ್ಯೂ3 (AZW3) ಮಾಡಿ ಕಿಂಡಲ್‌ನೊಳಗಿನ 'ಡಾಕ್ಯುಮೆಂಟ್ಸ್' ಫೋಲ್ಡರಿಗೆ ಹಾಕ್ಬೇಕು. ನೆಟ್‌ನಲ್ಲಿ ಫೈಲ್ ಕಳಿಸೋ ಅಮೆಜಾನ್‌ನ ಸೆಂಡ್ ಟು ಕಿಂಡಲ್ ಮೂಲಕವಾದ್ರೆ ಇಪಬ್ ಹಾಗೇ ಹೋಗುತ್ತೆ, ಆದ್ರೆ ರೀಡರಿಗೆ ವೈಫೈ ಬೇಕು. ಕಂಪ್ಯೂಟರ್‌ನಲ್ಲಿ ಕಿಂಡಲ್ ಕಾಣ್ತಾನೇ ಇಲ್ಲ ಅಂದ್ರೆ ಮೊದಲು ಕೇಬಲ್ ಬದಲಾಯಿಸಿ ನೋಡಿ. ಕೆಲವು ಬರೀ ಚಾರ್ಜಿಂಗಿನವು.

ಬಿಸಿಲೆ_ಘಾಟ್ (ಸಕಲೇಶಪುರ):
ತಕರಾರು ಇರೋದು ಕನ್ನಡದ್ದು. ಕೊಳ್ಳೋ ಮೊದಲು 'ಸ್ತ್ರೀ, ರಾಷ್ಟ್ರ, ಸೂರ್ಯ, ಜ್ಞಾನ' ಅಂತ ಬರೆದ ಒಂದು ಪುಟದ ಫೈಲನ್ನ, ಯಾರ ಹತ್ರನಾದ್ರೂ ಅದೇ ಮಾಡೆಲ್ ಇದ್ರೆ ಹಾಕಿಸಿ ನೋಡಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸರಿದ್ರೆ, ಚುಕ್ಕೆಚುಕ್ಕೆ ವೃತ್ತ ಕಂಡ್ರೆ, ಆ ಯಂತ್ರಕ್ಕೆ ಅಕ್ಷರ ಜೋಡಿಸೋಕೆ ಬರಲ್ಲ ಅಂತ ಲೆಕ್ಕ. ಕಿಂಡಲ್‌ನ 'ಫಾಂಟ್ಸ್' ಫೋಲ್ಡರಿಗೆ ನೋಟೋ ಸಾನ್ಸ್ ಕನ್ನಡ ಅನ್ನೋ ಪುಕ್ಕಟೆ ಫಾಂಟ್ ಹಾಕಿ ನೋಡಬಹುದು, ಆದ್ರೆ ಜೋಡಣೆಯ ದೋಷ ಫಾಂಟಿನಿಂದ ಹೋಗಲ್ಲ.

ಆಗ ಗಟ್ಟಿ ದಾರಿ ಒಂದಿದೆ. ಪಠ್ಯವನ್ನ ಲಿಬ್ರೆ ಆಫೀಸ್‌ಗೆ (ವರ್ಡ್ ಥರದ ಪುಕ್ಕಟೆ ತಂತ್ರಾಂಶ) ಹಾಕಿ, ಪುಟದ ಅಳತೆ 9 x 12 ಸೆಂ.ಮೀ., ಅಂಚು ಅರ್ಧ ಸೆಂ.ಮೀ., ಅಕ್ಷರ 14 ಪಾಯಿಂಟ್ ಇಟ್ಟು ಪಿಡಿಎಫ್ ಮಾಡಿ. 6 ಇಂಚಿನ ಪರದೆಗೆ ಹೆಚ್ಚುಕಮ್ಮಿ ಸರಿಹೊಂದುತ್ತೆ. ಅಕ್ಷರಗಳು ಪಿಡಿಎಫ್‌ನಲ್ಲೇ ಅಚ್ಚಾಗಿರೋದ್ರಿಂದ ಕೆಡಲ್ಲ. ಆಮೇಲೆ ಗಾತ್ರ ಬದಲಾಯಿಸೋಕಾಗಲ್ಲ, ಅಷ್ಟೆ. ಎ4 ಅಳತೆಯ ಪಿಡಿಎಫ್ ಮಾತ್ರ ಹಾಗೇ ಹಾಕ್ಬೇಡಿ: 12 ಪಾಯಿಂಟ್ ಅಕ್ಷರ ಕುಗ್ಗಿ 5 ಪಾಯಿಂಟ್ ಆಗುತ್ತೆ, ಮಗುವಿನ ಕಣ್ಣಿಗೆ ಶಿಕ್ಷೆ. ಹಳೇ ನುಡಿ, ಬರಹ ಫಾಂಟಿನ ಪಿಡಿಎಫ್‌ನಿಂದ ಪಠ್ಯ ಕಾಪಿ ಮಾಡಿದ್ರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತೆ. ಎಲ್ಲ ಯಂತ್ರಕ್ಕೂ ಅರ್ಥವಾಗೋ ಯುನಿಕೋಡ್ ಸಂಕೇತಕ್ಕೆ ಪರಿವರ್ತಿಸಿಯೇ ಬಳಸ್ಬೇಕು.

ಹೇಮಾವತಿ_ದಡ (ಹಾಸನ):
ಒಪ್ಪಿದೆ. ಆದ್ರೆ ಈ ವಯಸ್ಸಿಗೆ ಕನ್ನಡದಲ್ಲಿ ಪುಕ್ಕಟೆ ಸಿಗೋದ್ರಲ್ಲಿ ಒಳ್ಳೇದು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟ್. 1ರಿಂದ 4ರವರೆಗೆ ಓದುವ ಹಂತಗಳಿವೆ, ಇವಳಿಗೆ 3, 4 ನೋಡಿ. ಅವೆಲ್ಲ ಬಣ್ಣದ ಚಿತ್ರಕಥೆ. ಕಪ್ಪು-ಬಿಳುಪು ಪರದೆಯಲ್ಲಿ ಅರ್ಧ ಮಜಾ ಹೋಗುತ್ತೆ. ಮನೇಲಿ ಹಳೇ ಟ್ಯಾಬ್ ಇದ್ರೆ ಅದಕ್ಕೇ ಇಳಿಸಿ, ಏರೋಪ್ಲೇನ್ ಮೋಡ್ ಹಾಕಿ ಕೊಡಿ. ಇ-ರೀಡರ್ ಉದ್ದ ಪಠ್ಯಕ್ಕಿರಲಿ.

ಕಿಂಡಲ್ಲೇ ತಗೊಂಡ್ರೆ ಪೇರೆಂಟಲ್ ಕಂಟ್ರೋಲ್ಸ್‌ನಲ್ಲಿ ಕಿಂಡಲ್ ಅಂಗಡಿ, ಬ್ರೌಸರ್ ಎರಡನ್ನೂ ಮುಚ್ಚಿ. ಗಟ್ಟಿ ಮುಚ್ಚಳದ ಕವರ್ ಜೊತೆಗೇ ಕೊಳ್ಳಿ. ಸ್ಕೂಲ್ ಬ್ಯಾಗಲ್ಲಿ ಟಿಫಿನ್ ಬಾಕ್ಸ್ ಒತ್ತಿದ್ರೆ ಒಳಗಿನ ತೆಳು ಗಾಜು ಒಡೆದು, ಮೇಲೆ ಗೀರೂ ಇಲ್ಲದೆ ಪರದೆ ಮೇಲೆ ಗೆರೆ ನಿಂತ್ಬಿಡುತ್ತೆ.